ಹಳದಿ ಗೆರೆಯ ಈಚೆ ನಿಂತ ಭಾವ

ಭಾವ ಕೆಲಸ ಮಾಡುವ ಹಿಟ್ಟಿನ ಗಿರಣಿಗೇ ಹೋಗಿ ತರಬೇತಿ ಕೊಡಬೇಕೆಂದು ಮೇಲಧಿಕಾರಿ ಹೇಳಿದಾಗ ಅವಳು ಜ್ವರ ಬಂದವಳಂತೆ ಹಣೆ ಮುಟ್ಟಿ ನೋಡಿಕೊಂಡಳು.

"ಬೇರೆ ಯಾರನ್ನಾದ್ರೂ ಕಳಿಸೋಕಾಗಲ್ವಾ ಸರ್?"

"ಯಾಕೆ, ದೂರಾನಾ?"

"ಹತ್ತಿರ. ಅದೇ ತೊಂದರೆ. ಅಲ್ಲಿನ ಎಲೆಕ್ಟ್ರಿಕಲ್ ಫೋರ್‌ಮನ್ ನಮ್ಮ ಭಾವ."

"ಒಳ್ಳೇದೇ ಆಯ್ತಲ್ಲಮ್ಮ! ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡಬಹುದು" ಎಂದು ಅವರು ಕಡತ ಮುಚ್ಚಿದರು.

ಅವಳ ಉದ್ಯೋಗವೇ ಸ್ವಲ್ಪ ವಿಚಿತ್ರದ್ದು. ಕೆಲವು ಕಾರ್ಖಾನೆಗಳಲ್ಲಿ ಗಾಳಿಯೇ ಮದ್ದಿನ ಪುಡಿಯ ಹಾಗಿರುತ್ತದೆ. ಬಣ್ಣ ಕಲಸುವಲ್ಲಿ, ಸ್ಪಿರಿಟ್ ತುಂಬುವಲ್ಲಿ, ಪೆಟ್ರೋಲ್ ಇಳಿಸುವಲ್ಲಿ ಕಣ್ಣಿಗೆ ಕಾಣದ ಆವಿ ಕವಿದುಕೊಂಡು ಯಾವುದೋ ಸ್ವಿಚ್ಚಿನ ಒಂದು ಕಿಡಿಗಾಗಿ ಕಾದು ಕೂತಿರುತ್ತದೆ. ಅಂಥ ಕಡೆ ಮೋಟಾರು, ದೀಪ, ತಂತಿಗಳ ನಡುವೆ ದುಡಿಯುವವರಿಗೆ ಎಲ್ಲಿ ಯಾವ ಸಾಮಾನು ಹಾಕಬೇಕು, ಹೇಗೆ ಮುಚ್ಚಬೇಕು, ಯಾವಾಗ ಬಿಚ್ಚಲೇಬಾರದು ಎಂದು ಕಲಿಸಿ, ಕೊನೆಗೆ ಪರೀಕ್ಷೆ ಮಾಡಿ ಪಾಸೋ ಫೇಲೋ ಹೇಳುವುದು ಅವಳ ಕೆಲಸ. ಆವಿಯ ಸಂಗತಿಯೆಲ್ಲ ಅವಳಿಗೆ ಬಾಯಿಪಾಠ. ಆದರೆ ಹಿಟ್ಟಿನ ಗಿರಣಿ ಇದೇ ಮೊದಲು. ಅದರ ಮೇಲೆ ಭಾವ.

ಭಾವನನ್ನು ಗಿರಣಿಯಲ್ಲಿ ಎಲ್ಲರೂ ಕರೆಯುತ್ತಿದ್ದುದು ‘ಟೆಸ್ಟರ್’ ಎಂದು. ಬಡಗಿಗಳು ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಳ್ಳುವಂತೆ ಅವನು ಟೆಸ್ಟರ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಓಡುವ ಮೋಟಾರಿನ ಬೆನ್ನಿಗೆ ಅಂಗೈ ಒತ್ತಿ, ಡಾಕ್ಟರನಂತೆ ಕಣ್ಣು ಮುಚ್ಚಿ, "ಇವಳಿಗೆ ಬೇರಿಂಗ್ ನೋವು" ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ಅವನು ಒಳಗೆ ಕಾಲಿಟ್ಟರೆ ಮೂಟೆ ಹೊರುವವರಿಂದ ಹಿಡಿದು ಮ್ಯಾನೇಜರ್‌ವರೆಗೂ ಎಲ್ಲರ ಮುಖ ಅರಳುತ್ತಿತ್ತು.

ಅವಳಿಗೆ ವಿದ್ಯುತ್ತಿನ ಅಕ್ಷರಾಭ್ಯಾಸ ಮಾಡಿಸಿದವನೂ ಅವನೇ. ಅಪ್ಪ ಅಮ್ಮ ಇಬ್ಬರೂ ಬೇಗ ತೀರಿಕೊಂಡು, ಶಾಲೆಗೆ ಹೋಗುವ ವಯಸ್ಸಿನಲ್ಲಿ ಅವಳು ಅಕ್ಕನ ಮನೆ ಸೇರಿದಾಗ, ಯಾರೊಂದಿಗೂ ಮಾತಾಡದೆ ಮೂಲೆ ಹಿಡಿದಿದ್ದಳು. ಭಾವ ಕೆಟ್ಟುಹೋದ ಇಸ್ತ್ರಿಪೆಟ್ಟಿಗೆಯೊಂದನ್ನು ಅವಳ ಮಡಿಲಿಗೆ ಹಾಕಿ, "ಬಿಚ್ಚು. ಒಳಗೆ ಏನಾಗಿದೆ ನನಗೆ ಹೇಳು" ಅಂದಿದ್ದ. ಅಂದಿನಿಂದ ಅವಳ ಕೈ ಸುಮ್ಮನೆ ಕೂತಿಲ್ಲ. ಮಾತೆತ್ತಿದರೆ ಸಿಡುಕುತ್ತಿದ್ದುದರಿಂದ ಅವಳಿಗೆ ‘ಫ್ಯೂಸು’ ಎಂದು ಹೆಸರಿಟ್ಟವನೂ ಅವನೇ. ಈಗಲೂ ಅದೇ ಮನೆಯ ಮಹಡಿಯ ಕೋಣೆಯಲ್ಲಿ ಅವಳ ವಾಸ. ಆ ಹೆಸರೊಂದು ಗಿರಣಿಯ ಗೇಟು ದಾಟದಿದ್ದರೆ ಸಾಕಪ್ಪ ಎಂದುಕೊಂಡೇ ಅವಳು ಮೊದಲ ದಿನದ ತರಗತಿಗೆ ಹೋದಳು.

ತರಗತಿ ನಡೆದದ್ದು ಗಿರಣಿಯಿಂದ ದೂರದಲ್ಲಿದ್ದ ಕ್ಯಾಂಟೀನಿನಲ್ಲಿ. ಎಲೆಕ್ಟ್ರಿಷಿಯನ್ನರು, ಯಂತ್ರ ನೋಡಿಕೊಳ್ಳುವವರು, ಪ್ಯಾಕಿಂಗಿನವರು ಎಲ್ಲ ಹುಬ್ಬು ರೆಪ್ಪೆಗಳಲ್ಲಿ ಹಿಟ್ಟು ಹೊತ್ತುಕೊಂಡೇ ಬೆಂಚುಗಳಲ್ಲಿ ಕೂತಿದ್ದರು. ಭಾವ ಮೊದಲ ಸಾಲಿನಲ್ಲಿ ಕೈ ಕಟ್ಟಿಕೊಂಡು, ಒಳ್ಳೆಯ ಹುಡುಗನ ಮುಖ ಮಾಡಿಕೊಂಡಿದ್ದ.

"ಸ್ಪಿರಿಟ್ ಹತ್ತಿಕೊಳ್ಳೋದು ಎಲ್ಲರಿಗೂ ಗೊತ್ತು" ಎಂದು ಅವಳು ಶುರು ಮಾಡಿದಳು. "ಆದರೆ ನೀವು ದಿನಾ ಓಡಾಡೋ ಈ ಹಿಟ್ಟಿನ ಧೂಳು ಕೂಡ ಸಿಡಿಯುತ್ತೆ. ಗಾಳಿಯಲ್ಲಿ ಮೋಡದ ಹಾಗೆ ಎದ್ದಾಗ ಒಂದು ಕಿಡಿ ಸಿಕ್ಕರೆ ಗೋಡೆ ಉಳಿಯಲ್ಲ."

ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಪ್ಯಾಕಿಂಗ್ ವಿಭಾಗದ ಹಿರಿಯನೊಬ್ಬ ಎದ್ದು ನಿಂತ. ದನಿ ಒರಟಾದ್ದರಿಂದ ಅವನಿಗೆ ‘ಗರಗಸ’ ಎಂದೇ ಹೆಸರು. "ಹಿಟ್ಟು ಹೊಟ್ಟೆಗೆ ಹೋದ್ರೆ ಹೊಟ್ಟೆ ಉಬ್ಬುತ್ತೆ ಮೇಡಂ, ಒಪ್ತೀನಿ. ಸಿಡಿಯುತ್ತೆ ಅಂದ್ರೆ ಹೇಗೆ?"

ಭಾವನಿಗೆ ತಡೆಯಲಾಗಲಿಲ್ಲ. "ಹಾಗಾದ್ರೆ ನಿಮ್ಮಕ್ಕನ ಅಡುಗೆಮನೆ ಯಾವತ್ತೋ ಚಂದ್ರಲೋಕ ಸೇರಬೇಕಿತ್ತಲ್ಲ ಫ್ಯೂಸು!" ಅಂದವನೇ ನಾಲಿಗೆ ಕಚ್ಚಿಕೊಂಡ.

ಆಗಿಹೋಯಿತು. ಕೊನೆಯ ಬೆಂಚಿನವರೆಗೂ ಹೆಸರು ಹರಿದುಹೋದದ್ದು ಅವಳ ಕಣ್ಣಿಗೇ ಕಾಣಿಸಿತು.

"ತೋರಿಸ್ತೀನಿ ಬನ್ನಿ" ಎಂದು ಅವಳು ಎಲ್ಲರನ್ನೂ ಬಯಲಿಗೆ ಕರೆದೊಯ್ದಳು. ಮೇಜಿನ ಮೇಲೆ ಮುಚ್ಚಳವಿರುವ ದೊಡ್ಡ ಡಬ್ಬಿ. ಒಳಗೆ ಉರಿಯುವ ಮೇಣದಬತ್ತಿ. ಪಕ್ಕದಿಂದ ತೂರಿಸಿದ ಕೊಳವೆಯ ತುದಿಯಲ್ಲಿ ಒಂದು ಚಮಚ ಹಿಟ್ಟು, ಅದನ್ನು ಒಳಕ್ಕೆ ಊದಲು ರಬ್ಬರಿನ ಚೆಂಡು. ಎಲ್ಲರನ್ನೂ ಗಾಜಿನಂಥ ಗಟ್ಟಿ ಪರದೆಯ ಹಿಂದೆ ನಿಲ್ಲಿಸಿ, ಕಿವಿ ಮುಚ್ಚಿಕೊಳ್ಳಲು ಹೇಳಿ ಅವಳು ಚೆಂಡನ್ನು ಒತ್ತಿದಳು.

ಪುಸ್.

ಮೇಣದಬತ್ತಿ ಆರಿತು. ಮತ್ತೆ ಹಚ್ಚಿ, ಮತ್ತೆ ಒತ್ತಿದಳು. ಮತ್ತೆ ಪುಸ್. ಮುಂದಿನ ಬಾರಿ ಮುಚ್ಚಳ ಒಂದಿಷ್ಟು ಮೇಲೆದ್ದು, ಆಕಳಿಸಿದ ಹಾಗೆ ಮಾಡಿ, ತನ್ನ ಜಾಗದಲ್ಲೇ ಕೂತಿತು. ಕಿವಿ ಮುಚ್ಚಿಕೊಂಡು ನಿಂತಿದ್ದವರು ಒಬ್ಬೊಬ್ಬರಾಗಿ ಕೈ ಇಳಿಸಿದರು.

"ಫ್ಯೂಸು ಹೋಯ್ತು!" ಎಂದು ಹಿಂದಿನಿಂದ ಯಾರೋ ಕೂಗಿದರು. ಬಯಲಿಗೆ ಬಯಲೇ ಬಿದ್ದು ಬಿದ್ದು ನಕ್ಕಿತು. ಅವಳ ಕಿವಿ ಬಿಸಿಯಾಯಿತು.

ಆ ಸಂಜೆ ಊಟಕ್ಕೆ ಕೂತಾಗ ಭಾವ ಲೋಟ ಬೋರಲು ಹಾಕಿ ಇಡೀ ಪ್ರಸಂಗವನ್ನು ಅಭಿನಯಿಸಿ ತೋರಿಸಿದ. ಮುಚ್ಚಳದ ಆಕಳಿಕೆಗೆ ಬಂದಾಗ ಅವನ ಮಗಳು ನಗುತ್ತ ಕುರ್ಚಿಯಿಂದ ಜಾರಿದಳು. ಅಕ್ಕ ತಂಗಿಯ ಮುಖ ನೋಡಿ ನಗು ನುಂಗಲು ಹೋಗಿ ಕೆಮ್ಮಿದಳು.

"ನಗು ಅಕ್ಕ, ನಗು. ಉಸಿರು ಗಿಸಿರು ಕಟ್ಟೀತು" ಎಂದು ಅವಳು ಮುಖ ಊದಿಸಿದಳು. ಆದರೆ ತಲೆ ಮಾತ್ರ ಅದನ್ನೇ ಮೆಲುಕು ಹಾಕುತ್ತಿತ್ತು. ಮೊದಲೇ ಕಚೇರಿಯ ಅಂಗಳದಲ್ಲಿ ಚೆನ್ನಾಗಿ ಒಣಗಿಸಿ ಮಾಡಿ ನೋಡಿದಾಗ ಸಿಡಿದ ಹಿಟ್ಟು ಗಿರಣಿಯಲ್ಲಿ ಯಾಕೆ ಮಲಗಿತು? ಅಲ್ಲಿ ಕೊಟ್ಟದ್ದು ಮೂಟೆಯ ಹಿಟ್ಟು. ತೇವ, ತರಿ, ತೂಕ. ನಿಜವಾಗಿ ಅಪಾಯದ್ದು ಮೂಟೆಯಲ್ಲಿ ಇರುವುದಿಲ್ಲ, ನುಣ್ಣಗೆ ಹಾರಿ ಎತ್ತರಕ್ಕೆ ಹೋಗಿ ಕೂತಿರುತ್ತದೆ.

"ಭಾವ, ನಿಮ್ಮ ಗಿರಣಿಯಲ್ಲಿ ತಂತಿಗಳು ಹೋಗೋ ಹಲಗೆ ಇದೆಯಲ್ಲ, ಸೂರಿನ ಕೆಳಗೆ? ಅದರ ಮೇಲೆ ಧೂಳಿದ್ಯಾ?"

"ಇಲ್ದೆ ಏನು? ದಿಂಬು ಒಂದು ತಗೊಂಡು ಹೋದ್ರೆ ಮಲಗಿಬಿಡಬಹುದು."

"ನಾಳೆ ಅದನ್ನೇ ಒಂದು ಡಬ್ಬಿ ತಂದುಕೊಡಿ."

ಮಾರನೆಯ ಬೆಳಿಗ್ಗೆ ಆ ಭಾಗದ ವಿದ್ಯುತ್ ಪೂರ್ತಿ ಕಡಿದು, ಏಣಿ ಹತ್ತಿ, ಭಾವ ತಾನೇ ಮೆತ್ತನೆಯ ಕುಂಚದಿಂದ ಧೂಳು ಸವರಿ ತಂದ. ರೇಷ್ಮೆಯಂಥ ಪುಡಿ. ಎಲ್ಲರೂ ಪರದೆಯ ಹಿಂದೆ ನಿಂತರು. ಈ ಸಲ ಕಿವಿ ಮುಚ್ಚಿಕೊಳ್ಳುವ ಗೋಜಿಗೆ ಯಾರೂ ಹೋಗಲಿಲ್ಲ. ಗರಗಸ ಆಗಲೇ ನಗಲು ಬಾಯಿ ತೆರೆದುಕೊಂಡಿದ್ದ.

ಅವಳು ಒತ್ತಿದಳು.

ಬೆಂಕಿಯ ನಾಲಿಗೆಯೊಂದು ಛಂಗನೆ ನೆಗೆಯಿತು. ಢಂ ಎಂಬ ಸದ್ದಿಗೆ ಕ್ಯಾಂಟೀನಿನ ಮಾಡಿನ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೇ ಎದ್ದವು. ಮುಚ್ಚಳ ಆಕಾಶಕ್ಕೆ ಹಾರಿ, ಬಿಸಿಲಲ್ಲಿ ಮಿನುಗಿ, ಆರಾಮವಾಗಿ ಬಾಗಿ ಬಂದು ಮ್ಯಾನೇಜರರ ಕಾರಿನ ನೆತ್ತಿಯ ಮೇಲೆ ಟಣ್ ಎಂದು ಬಿತ್ತು.

ಭಾವನ ಕಿವಿಯ ಮೇಲಿದ್ದ ಟೆಸ್ಟರ್ ಜಾರಿ ನೆಲಕ್ಕೆ ಬಿದ್ದಿತ್ತು. ಬಾಯಿ ತೆರೆದುಕೊಂಡೇ ಇದ್ದ ಗರಗಸ ಕೊನೆಗೆ ಹೇಳಿದ: "ಇದು ಒಂದು ಚಮಚ. ಮೇಲೆ... ಮೇಲೆ ಎಷ್ಟಿದೆ?"

ಎಲ್ಲರ ತಲೆಯೂ ಗಿರಣಿಯ ಕಡೆ ತಿರುಗಿತು. ಆಮೇಲೆ ಪಾಠ ನಡೆಸುವುದು ಸಲೀಸಾಯಿತು. ಮೋಟಾರಿನ ಮೇಲೆ ಕೂತ ಧೂಳು ಕಂಬಳಿಯಂತೆ ಶಾಖವನ್ನು ಹಿಡಿದಿಡುವುದು, ತಂತಿ ಹೋಗದೆ ಖಾಲಿ ಉಳಿದ ತೂತಿಗೆ ಬಟ್ಟೆ ತುರುಕದೆ ಸರಿಯಾದ ಬಿರಡೆ ಹಾಕುವುದು, ವಿದ್ಯುತ್ ಕಡಿದು, ಬೀಗ ಹಾಕಿ, ಕೀಲಿ ತನ್ನ ಜೇಬಿನಲ್ಲೇ ಇಟ್ಟುಕೊಂಡು, ಕರೆಂಟ್ ಇಲ್ಲವೆಂದು ಪರೀಕ್ಷಿಸಿಕೊಂಡೇ ಮುಚ್ಚಳಕ್ಕೆ ಕೈ ಹಾಕುವುದು, ಕೈಯಲ್ಲಿನ ಫೋನನ್ನು ಹೊರಗೇ ಬಿಟ್ಟುಬರುವುದು. ಎಲ್ಲವನ್ನೂ ಅವರು ಕಿವಿ ನಿಮಿರಿಸಿ ಕೇಳಿದರು. ಕೇಳಿದ ಪ್ರಶ್ನೆಗೆಲ್ಲ ಮೊದಲು ಉತ್ತರ ಹೇಳುತ್ತಿದ್ದವನು ಭಾವನೇ. ನನ್ನ ನಾದಿನಿ, ನೋಡಿ ಹೇಗಿದ್ದಾಳೆ ಎಂಬಂತೆ ಅತ್ತಿತ್ತ ನೋಡುತ್ತಿದ್ದ ಕೂಡ.

ಕೊನೆಯ ದಿನ ಕೈಕೆಲಸದ ಪರೀಕ್ಷೆ. ಮೇಜಿನ ಮೇಲೆ ನೋಡಲು ಒಂದೇ ತರಹದ ದೀಪಗಳು. ಕೆಲವು ಭಾರ, ಕೆಲವು ಹಗುರ. ಒಂದೊಂದಕ್ಕೂ ಒಂದು ಪುಟ್ಟ ಲೋಹದ ಪಟ್ಟಿ, ಅದರ ಮೇಲೆ ಕೊರೆದ ಸಣ್ಣ ಅಕ್ಷರಗಳು. ಆವಿ ಇರುವ ಜಾಗಕ್ಕೆ ಯಾವುದು, ಧೂಳಿನ ಜಾಗಕ್ಕೆ ಯಾವುದು, ಮೈ ಎಷ್ಟು ಬಿಸಿಯಾಗುತ್ತದೆ ಎಲ್ಲ ಅದರಲ್ಲಿ ಬರೆದಿರುತ್ತದೆ. ಹಿಟ್ಟಿನ ಗಿರಣಿಗೆ ತಕ್ಕದ್ದನ್ನು ಆರಿಸಿ, ಚೌಕಟ್ಟಿಗೆ ಜೋಡಿಸಿ, ಮುಚ್ಚಿ ತೋರಿಸಬೇಕು.

ಮೊದಲು ಬಂದವಳು ಎಲೆಕ್ಟ್ರಿಷಿಯನ್ ಹೆಂಗಸು, ಭಾವನ ಕೈಕೆಳಗಿನವಳು. ಗಿರಣಿಯ ಗದ್ದಲದಲ್ಲಿ ಅವಳ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲವಾದ್ದರಿಂದ ಅವಳಿಗೆ ‘ಪಿಸುಮಾತು’ ಎಂದು ಹೆಸರು ಬಿದ್ದಿತ್ತು. ಅವಳು ಪಟ್ಟಿಗಳ ಮೇಲೆ ಮೂಗು ತಾಗುವಷ್ಟು ಬಗ್ಗಿ ಓದಿ, ಹಗುರದ ದೀಪ ಎತ್ತಿಕೊಂಡು, ಒಂದೂ ತಪ್ಪಿಲ್ಲದೆ ಜೋಡಿಸಿದಳು. ಪಾಸು. ಪರೀಕ್ಷೆಗೆ ನಿಂತಿದ್ದ ಇನ್ನೊಬ್ಬ ಎಲೆಕ್ಟ್ರಿಷಿಯನ್ ಆತುರದಲ್ಲಿ ಭಾರದ್ದನ್ನು ಎತ್ತಿಕೊಂಡ. ಫೇಲು. ಅವನು ತಲೆ ಕೆರೆದುಕೊಂಡು ಹಿಂದೆ ಸರಿದ.

ಭಾವನ ಸರದಿ ಬಂದಾಗ ಎಲ್ಲರೂ ಸುತ್ತ ನೆರೆದರು. ಅವನ ಕೈಚಳಕ ನೋಡುವುದೇ ಒಂದು ಹಬ್ಬ. ಅವನು ದೀಪಗಳನ್ನು ಒಂದೊಂದಾಗಿ ಅಂಗೈಯಲ್ಲಿ ತೂಗಿ, ಭಾರದ್ದೊಂದನ್ನು ಆರಿಸಿ, ಬೆರಳುಗಳಿಗೇ ಕಣ್ಣಿರುವಂತೆ ತಂತಿ ಸೇರಿಸಿ, ತಿರುಪು ಬಿಗಿದು, ಮುಚ್ಚಳ ಕೂರಿಸಿ ಕೈ ಒರೆಸಿಕೊಂಡ. ಚಪ್ಪಾಳೆ ಬಿತ್ತು.

ಅವಳು ಚಪ್ಪಾಳೆ ನಿಲ್ಲುವವರೆಗೆ ಕಾದಳು. "ಈ ದೀಪಾನೇ ಯಾಕೆ ತಗೊಂಡ್ರಿ ಫೋರ್‌ಮನ್ ಸರ್?"

"ತೂಕ ನೋಡಿ ಮೇಡಂ. ಆನೆ ತುಳಿದ್ರೂ ಏನೂ ಆಗಲ್ಲ."

"ಪಟ್ಟಿ ಓದಿದ್ರಾ?"

"ಓ."

"ಏನಿದೆ ಅದರಲ್ಲಿ?"

"ಇರಬೇಕಾದ್ದೆಲ್ಲ ಇದೆ" ಎಂದು ಅವನು ನಕ್ಕ. ಜೊತೆಗೆ ಉಳಿದವರೂ ನಕ್ಕರು.

ಅವಳು ಪಟ್ಟಿಯನ್ನು ಮತ್ತೊಮ್ಮೆ ನೋಡಿದಳು. ಆ ದೀಪ ಆವಿಯ ಜಾಗಕ್ಕೆ ಮಾಡಿದ್ದು. ಒಳಗೆ ಬೆಂಕಿ ಹುಟ್ಟಿದರೂ ಹೊರಗೆ ಬಿಡದಷ್ಟು ಗಟ್ಟಿ, ಆದರೆ ನುಣ್ಣನೆಯ ಧೂಳು ಅದರ ಸಂದಿಯಿಂದ ನುಸುಳುತ್ತದೆ. ಇನ್ನೊಮ್ಮೆ ನೋಡಿ ಅನ್ನಬಹುದಿತ್ತು. ಆದರೆ ಈಗತಾನೆ ಇನ್ನೊಬ್ಬನಿಗೆ ಹಾಗೆ ಅಂದಿರಲಿಲ್ಲ.

"ಫೇಲು" ಅಂದಳು. ದನಿ ಅವಳಿಗೇ ಅಪರಿಚಿತವೆನಿಸಿತು. "ಮುಂದಿನ ವಾರ ಮತ್ತೆ ಬರ್ತೀನಿ. ಅಲ್ಲಿವರೆಗೆ ಹಳದಿ ಗೆರೆಯಿಂದ ಈಚೆಗೇ ಇರಬೇಕು."

ನಗು ಒಮ್ಮೆಲೇ ನಿಂತುಹೋಯಿತು. ಭಾವ ಕಿವಿಯಿಂದ ಟೆಸ್ಟರ್ ತೆಗೆದು ಜೇಬಿಗಿಳಿಸಿಕೊಂಡು, ಯಾರನ್ನೂ ನೋಡದೆ ಹೊರಟುಹೋದ.

ಗಿರಣಿಯ ನೆಲದ ಮೇಲೆ ದಪ್ಪ ಹಳದಿ ಗೆರೆಯೊಂದಿತ್ತು. ಅದರಾಚೆ ಧೂಳಿನ ರಾಜ್ಯ. ಪಾಸಾಗದವರು ಅಲ್ಲಿ ವಿದ್ಯುತ್ತಿನ ಯಾವ ಸಾಮಾನನ್ನೂ ಮುಟ್ಟುವಂತಿರಲಿಲ್ಲ. ಹೀಗಾಗಿ ಆ ವಾರವಿಡೀ ಗಿರಣಿಗೆ ಪುಕ್ಕಟೆ ಮನರಂಜನೆ. ಫೋರ್‌ಮನ್ ಗೆರೆಗೆ ಬೂಟಿನ ತುದಿ ತಾಗಿಸಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ಕೂಗುತ್ತಿದ್ದ: "ಎಡಗಡೆ ತಿರುಪು ನೋಡು! ಬಿಗಿ ಇದ್ಯಾ?" ಆಚೆಯಿಂದ ಪಿಸುಮಾತು ಏನೋ ಅನ್ನುತ್ತಿದ್ದಳು. "ಏನಂದೆ?" ಅವಳು ಮತ್ತೆ ಅನ್ನುತ್ತಿದ್ದಳು. "ಜೋರಾಗಿ ಹೇಳು ತಾಯಿ!" ಕೊನೆಗೆ ಅವಳು ಸಾಧನ ಕೆಳಗಿಟ್ಟು, ಗೆರೆಯವರೆಗೆ ನಡೆದುಬಂದು, ಅವನ ಕಿವಿಯಲ್ಲಿ "ಬಿಗಿ ಇದೆ" ಎಂದು ಹೇಳಿ ಹಿಂದಿರುಗುತ್ತಿದ್ದಳು. ನೋಡುವವರು ಮೂಟೆಗಳ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದರು.

ಮನೆಯಲ್ಲಿ ಭಾವ ಮಾತು ಬಿಟ್ಟಿದ್ದ. ಹೇಳಬೇಕಾದ್ದನ್ನೆಲ್ಲ ಮಗಳ ಮೂಲಕ ಹೇಳಿಸುತ್ತಿದ್ದ.

"ಉಪ್ಪು ಈ ಕಡೆ ದಾಟಿಸೋಕೆ ನಿಮ್ಮ ಚಿಕ್ಕಮ್ಮನಿಗೆ ಹೇಳು."

"ಚಿಕ್ಕಮ್ಮ, ಅಪ್ಪನಿಗೆ ಉಪ್ಪು ಬೇಕಂತೆ. ಎದುರಿಗೇ ಇದ್ದಾರಲ್ಲ, ನಿಂಗೆ ಕೇಳಿಸಲಿಲ್ವಾ?"

"ಕೇಳಿಸ್ತು. ಕೈ ಚಾಚಿದ್ರೆ ಸಿಗುತ್ತೆ, ಡಬ್ಬಿ ಮೇಲೆ ಬರೆದಿದೆ, ನೋಡಿ ತಗೊಳ್ಳಲಿ ಅಂತ ಹೇಳು" ಎಂದು ಅವಳೂ ಬಿಗುಮಾನದಿಂದ ಹೇಳಿದಳು.

ಮೇಜಿನ ನಡುವೆ ಒಂದೇ ಅಳತೆಯ ಎರಡು ಡಬ್ಬಿಗಳಿದ್ದವು. ಅಕ್ಕ ಹೊಸದಾಗಿ ತಂದವು, ಮೇಲೆ ಚೆಂದದ ಸಣ್ಣ ಅಕ್ಷರದ ಚೀಟಿ ಅಂಟಿಸಿದ್ದಳು. ಭಾವ ಅವುಗಳ ಕಡೆ ಗಂಭೀರವಾಗಿ ನೋಡಿ, ಒಂದನ್ನು ಎತ್ತಿಕೊಂಡು, ತಟ್ಟೆಯ ಮೇಲೆ ಧಾರಾಳವಾಗಿ ಉದುರಿಸಿಕೊಂಡು, ಕಲಸಿ ಬಾಯಿಗಿಟ್ಟ. ಅಗಿಯುವುದು ಅರ್ಧಕ್ಕೆ ನಿಂತಿತು. ಆಮೇಲೆ, ಏನೂ ಆಗದವನಂತೆ, ನುಂಗಿದ.

"ಅಪ್ಪ, ಅದು ಸಕ್ಕರೆ!" ಎಂದಳು ಮಗಳು.

"ಗೊತ್ತು. ನನಗೆ ಇವತ್ತು ಸಿಹಿ ಬೇಕಾಗಿತ್ತು" ಎಂದು ಭಾವ ತಟ್ಟೆಯಲ್ಲಿದ್ದುದನ್ನೆಲ್ಲ ಹಠದಿಂದ ತಿಂದು ಮುಗಿಸಿದ.

ಅವಳ ತುತ್ತು ಕೈಯಲ್ಲೇ ಉಳಿಯಿತು. ಅಕ್ಕನ ಕಡೆ ನೋಡಿದಳು. ಅಕ್ಕ ಕಣ್ಣಲ್ಲೇ ‘ಒಳಗೆ ಬಾ’ ಅಂದಳು.

"ನಿಂಗೆ ಈಗ ಗೊತ್ತಾಯ್ತಾ?" ಪಾತ್ರೆ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟು ಅಕ್ಕ ತಗ್ಗಿದ ದನಿಯಲ್ಲಿ ಹೇಳಿದಳು. "ಪೇಪರ್ ಓದೋಕೆ ಅವರ ಕೈ ಉದ್ದ ಸಾಲ್ತಾ ಇಲ್ಲ. ಇನ್ನು ಸ್ವಲ್ಪ ದಿನ ಹೋದ್ರೆ ಹಿಡ್ಕೊಳ್ಳೋಕೆ ಎದುರುಮನೆಯವರನ್ನ ಕರೀಬೇಕು. ಕನ್ನಡಕ ಅಂದ್ರೆ ಸಾಕು, ನಾನೇನು ಮುದುಕನಾ ಅಂತ ಮೈಮೇಲೆ ಬರ್ತಾರೆ."

ಅವಳಿಗೆ ನಗುವೂ ಬಂತು, ಸಂಕಟವೂ ಆಯಿತು. ಭಾವನಿಗೆ ಪಾಠ ಗೊತ್ತಿಲ್ಲದೆ ಅಲ್ಲ. ಪಟ್ಟಿ ಓದಲಾಗದೆ, ಓದಲಾಗದು ಎಂದು ಹೇಳಲೂ ಆಗದೆ ಅವನು ತೂಕ ನೋಡಿ ಆರಿಸಿದ್ದ.

ಬೆಳಿಗ್ಗೆ ಭಾವ ಮನೆಯ ಮುಂದಿನ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ ಕೂತಿದ್ದಾಗ ಅವಳು ಪಕ್ಕದಲ್ಲಿ ಕೂತು, ತನ್ನ ಚೀಲದಿಂದ ದೀಪವೊಂದನ್ನು ತೆಗೆದು ಅವನ ಕೈಗಿಟ್ಟಳು.

"ಓದಿ."

"ಇಲ್ಲಿ ಬೆಳಕು ಸಾಲ್ದು."

ಎಳೆಬಿಸಿಲು ಇಬ್ಬರ ಮುಖಕ್ಕೂ ಹೊಡೆಯುತ್ತಿತ್ತು. ಭಾವ ದೀಪವನ್ನು ಹತ್ತಿರ ತಂದ, ದೂರ ಹಿಡಿದ, ತಲೆ ಹಿಂದಕ್ಕೆ ವಾಲಿಸಿದ. ಕೊನೆಗೆ ಅದನ್ನು ಮಡಿಲಲ್ಲಿ ಇಟ್ಟುಕೊಂಡ.

"ಯಾರು ಹೇಳಿದ್ದು? ನಿಮ್ಮಕ್ಕನಾ?"

"ಸಕ್ಕರೆ."

ಅವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಹೇಳಿದ: "ಥೂ, ಎಷ್ಟು ಕೆಟ್ಟದಾಗಿತ್ತು ಗೊತ್ತಾ?" ಆಮೇಲೆ ನಗು ಇಳಿಯಿತು. "ಕೈ ಚೆನ್ನಾಗಿದೆಯಲ್ಲ ಅಂತ ನಡೆಸ್ಕೊಂಡು ಬಂದೆ ಫ್ಯೂಸು. ಫೋರ್‌ಮನ್‌ಗೆ ಅಕ್ಷರ ಕಾಣಲ್ಲ ಅಂದ್ರೆ ನಾಲ್ಕು ಜನ ಏನಂತಾರೆ? ನೀನೂ ನಾಲ್ಕು ಜನರ ಮುಂದೆ ನನ್ನ ಮಾನ ತೆಗೀಬೇಕು ಅಂತಲೇ ಫೇಲ್ ಮಾಡ್ದೆ ಅಂದ್ಕೊಂಡಿದ್ದೆ."

"ಪಾಸ್ ಮಾಡಿ, ಆಮೇಲೆ ಏನಾದ್ರೂ ಆಗಿದ್ರೆ ಅಕ್ಕನಿಗೆ ಏನು ಹೇಳಲಿ ಭಾವ?"

ಹಾಲಿನವನು ಸೈಕಲ್ ಗಂಟೆ ಬಾರಿಸಿ ಕೈಬೀಸಿದ. ಭಾವ ಕೈಬೀಸಲಿಲ್ಲ. ಆಮೇಲೆ ಲೋಟದ ತಳದಲ್ಲಿದ್ದ ಚಹಾ ಚೆಲ್ಲಿ ಎದ್ದು, ಒಳಗೆ ಕೂಗಿದ: "ಲೇ, ಸಂಜೆ ರೆಡಿಯಾಗಿರು. ಕನ್ನಡಕದ ಅಂಗಡಿಗೆ ಹೋಗೋಣ."

ಕನ್ನಡಕದ ಅಂಗಡಿಗೆ ಮನೆಮಂದಿಯೆಲ್ಲ ಹೋದರು. ಅಂಗಡಿಯವನು ಪುಟ್ಟ ಅಕ್ಷರಗಳ ಹಲಗೆಯನ್ನು ಕೈಗೆ ಕೊಟ್ಟಾಗ ಭಾವ ಕೊನೆಯ ಸಾಲಿನವರೆಗೆ ಪಟಪಟನೆ ಓದಿಬಿಟ್ಟ. ಎಲ್ಲರೂ ಬೆರಗಾದರು.

"ಇವರಿಗೆ ಕನ್ನಡಕ ಬೇಡವಲ್ಲ" ಎಂದ ಅಂಗಡಿಯವನು.

"ಅಣ್ಣ, ಹಲಗೆ ತಿರುಗಿಸಿ ಕೊಡಿ" ಎಂದಳು ಅಕ್ಕ. "ನಮಗಿಂತ ಮುಂಚೆ ಕೂತಿದ್ದವರು ಓದಿದ್ದನ್ನ ಇವರು ಕೇಳಿಸ್ಕೊಂಡು ಉರು ಹೊಡೆದಿದ್ದಾರೆ."

ಹಲಗೆಯ ಇನ್ನೊಂದು ಮೈಯಲ್ಲಿ ಭಾವ ಎರಡನೆಯ ಸಾಲಿಗೇ ಮುಗ್ಗರಿಸಿದ. ಕನ್ನಡಕಗಳು ಒಂದಾದ ಮೇಲೊಂದು ಮೂಗು ಹತ್ತಿ ಇಳಿದವು. ಮಗಳು "ಇದ್ರಲ್ಲಿ ಗೂಬೆ, ಇದ್ರಲ್ಲಿ ಹೆಡ್‌ಮಾಸ್ಟರ್" ಎಂದು ತೀರ್ಪು ಕೊಡುತ್ತ ಹೋದಳು. ಕೊನೆಗೆ ಒಂದು ಕೂತಿತು. ಭಾವ ಕನ್ನಡಿ ನೋಡದೆ ಪಕ್ಕದಲ್ಲಿ ಬಗ್ಗಿದ್ದ ಹೆಂಡತಿಯ ಮುಖ ನೋಡಿದ. ನೋಡುತ್ತಲೇ ಇದ್ದ.

"ನಿನ್ನ ಕೆನ್ನೆ ಮೇಲೆ ಮಚ್ಚೆ ಇತ್ತಾ?"

"ಮದುವೆ ದಿನಾನೂ ಇತ್ತು. ಬೇಡ ಅನಿಸಿದ್ರೆ ಆವತ್ತೇ ಹೇಳಬೇಕಿತ್ತು."

"ಬೇಡ ಅಂದ್ನಾ? ಮರೆತೇ ಹೋಗಿತ್ತು, ಅಷ್ಟೆ" ಎಂದು ಅವನು ಮೆಲ್ಲಗೆ ಹೇಳಿದ. ಅಕ್ಕ ಯಾಕೋ ಗಾಜಿನ ಕಪಾಟಿನ ಕಡೆ ತಿರುಗಿಕೊಂಡಳು.

ಮರುಪರೀಕ್ಷೆಯ ದಿನ ಅವಳು ಗಿರಣಿಯ ಬಾಗಿಲಿಗೆ ಬಂದಾಗ ಒಳಗೆಲ್ಲ ನಿಶ್ಶಬ್ದ. ಧಾನ್ಯ ಮೇಲೆತ್ತುವ ಯಂತ್ರದ ಮೋಟಾರು ನಿಂತುಹೋಗಿ ಇಡೀ ಗಿರಣಿ ಸ್ತಬ್ಧವಾಗಿತ್ತು. ಹೊರಗೆ ಲಾರಿಗಳ ಸಾಲು. ಮ್ಯಾನೇಜರ್ ಗೆರೆಯ ಬಳಿ ಭಾವನಿಗೆ ದುಂಬಾಲು ಬಿದ್ದಿದ್ದರು.

"ಟೆಸ್ಟರ್, ನಿನ್ನ ಕೈಗೆ ಇದು ಚಿಟಿಕೆ ಹೊಡೆದಷ್ಟು ಕೆಲಸ. ಇವತ್ತೇ ಪರೀಕ್ಷೆ ಇದೆ, ಪಾಸಾಗೇ ಆಗ್ತೀಯ. ಒಳಗೆ ಹೋಗಿ ಮುಚ್ಚಳ ಬಿಚ್ಚಿ ನೋಡು, ನಾನಿದ್ದೀನಿ."

ಭಾವನ ಬೂಟಿನ ತುದಿ ಗೆರೆಯ ಮೇಲಿತ್ತು. ಬೆನ್ನ ಹಿಂದಿನ ಕೈಗಳು ಒಂದನ್ನೊಂದು ಹಿಡಿದು ಹಿಂಡುತ್ತಿದ್ದವು. ಆ ಕೈಗಳಿಗೆ ಎಷ್ಟು ಆಸೆಯಿದೆ ಎಂಬುದು ಬಾಗಿಲಲ್ಲಿ ನಿಂತಿದ್ದ ಅವಳಿಗೆ ಗೊತ್ತಿತ್ತು.

"ನಾನು ಫೇಲ್ ಸರ್" ಎಂದ ಭಾವ. ಗಿರಣಿ ನಿಂತಿದ್ದರಿಂದ ಆ ಮಾತು ಮೇಲಿನ ಮಹಡಿಯವರೆಗೂ ಕೇಳಿಸಿತು. "ನನ್ನ ನಾದಿನಿ ನನ್ನನ್ನ ಫೇಲ್ ಮಾಡಿದ್ದಾಳೆ. ಅವಳು ಪಾಸ್ ಅನ್ನೋವರೆಗೆ ಈ ಗೆರೆ ದಾಟಲ್ಲ."

"ಹಾಗಾದ್ರೆ ನಾನೇ ನೋಡ್ತೀನಿ" ಎಂದು ಮ್ಯಾನೇಜರ್ ರೇಗಿ ಕಾಲೆತ್ತಿದರು. ಅವರ ಕೈಯಲ್ಲಿನ ಫೋನು ಅದೇ ಹೊತ್ತಿಗೆ ರಿಂಗಾಯಿತು. ಭಾವ ಅವರ ತೋಳು ಹಿಡಿದು, ಅಂಬೆಗಾಲಿಡುವ ಮಗುವನ್ನು ಬಚ್ಚಲಿನಿಂದ ಎಳೆದುಕೊಳ್ಳುವಂತೆ ಈಚೆಗೆ ಎಳೆದುಕೊಂಡ.

"ಫೋನು ಸರ್! ಮುಚ್ಚಳ ಹಾರಿದ್ದು ಮರೆತುಬಿಟ್ರಾ? ಬಿದ್ದಿದ್ದು ನಿಮ್ಮ ಕಾರಿನ ಮೇಲೇನೇ."

ಮ್ಯಾನೇಜರ್ ಫೋನು ನೋಡಿ, ಮೇಲೆ ಧೂಳು ಹೊತ್ತ ಹಲಗೆಗಳನ್ನು ನೋಡಿ, ಮೆಲ್ಲಗೆ ಹಿಂದಕ್ಕೆ ಸರಿದರು. ಪಿಸುಮಾತು ಸಾಧನಗಳ ಚೀಲ ಹಿಡಿದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಆಚೆಯಿಂದ ದನಿಯೊಂದು ಸ್ಪಷ್ಟವಾಗಿ ಕೇಳಿಸಿತು: "ವಿದ್ಯುತ್ ಕಡಿದು ಬೀಗ ಹಾಕಿದ್ದೀನಿ. ಕೀಲಿ ನನ್ನ ಜೇಬಲ್ಲಿದೆ. ಕರೆಂಟ್ ಇಲ್ಲ, ನೋಡಿಕೊಂಡೆ. ಈಗ ಮುಚ್ಚಳ ಬಿಚ್ತೀನಿ."

ಎಲ್ಲರೂ ಮುಖ ಮುಖ ನೋಡಿಕೊಂಡರು. ಪಿಸುಮಾತಿನ ದನಿ ತುಂಬಿದ ಬಾವಿಯಂತೆ ಗಂಭೀರವಾಗಿತ್ತು. ಇಷ್ಟು ವರ್ಷ ಸಣ್ಣದಾಗಿದ್ದುದು ಅವಳ ಗಂಟಲಲ್ಲ, ದೊಡ್ಡದಾಗಿದ್ದುದು ಗಿರಣಿಯ ಗದ್ದಲ. "ಅಬ್ಬಾ, ಈಕೆಗೆ ಹೆಸರು ಬದಲಾಯಿಸಬೇಕು" ಎಂದು ಗರಗಸ ಗೊಣಗಿದ.

ಮೋಟಾರಿಗೆ ತಂತಿ ಸೇರುವ ಡಬ್ಬಿಯೊಳಗೆ ಹಿಟ್ಟು ಮೆತ್ತಿಕೊಂಡು ಕೂತಿತ್ತು. ಖಾಲಿ ತೂತೊಂದಕ್ಕೆ ಯಾರೋ ಯಾವತ್ತೋ ಸುತ್ತಿದ್ದ ಟೇಪು ಕಳಚಿಬಿದ್ದಿತ್ತು. ಪಿಸುಮಾತು ಒಳಗೆಲ್ಲ ಸ್ವಚ್ಛಮಾಡಿ, ಸುಟ್ಟಿದ್ದ ತುದಿಯನ್ನು ಬದಲಾಯಿಸಿ, ತೂತಿಗೆ ಸರಿಯಾದ ಬಿರಡೆ ಹಾಕಿ ಬಿಗಿದಳು. ಭಾವ ಗೆರೆಯ ಈಚೆಯಿಂದ ಒಂದೇ ಒಂದು ಮಾತೂ ಆಡದೆ ನೋಡುತ್ತಿದ್ದ. ಗಿರಣಿ ಮತ್ತೆ ಗುಡುಗತೊಡಗಿದಾಗ ಅವಳ ಕಡೆ ಹೆಬ್ಬೆರಳೆತ್ತಿ ತೋರಿಸಿದ.

ಮಧ್ಯಾಹ್ನದ ಪರೀಕ್ಷೆಯಲ್ಲಿ ಯಾವ ಚಮತ್ಕಾರವೂ ಇರಲಿಲ್ಲ. ಭಾವ ಕನ್ನಡಕ ಏರಿಸಿ, ಒಂದೊಂದು ಪಟ್ಟಿಯನ್ನೂ ಒಂದನೆಯ ತರಗತಿಯ ಮಗುವಿನಂತೆ ಗಟ್ಟಿಯಾಗಿ ಓದಿದ. ಹಗುರದ ದೀಪ ಎತ್ತಿಕೊಂಡ. ಒಂದು ತಿರುಪು ಬಿಗಿದು, ಅದನ್ನೇ ಮತ್ತೆ ನೋಡಿ, ಇನ್ನೊಂದಕ್ಕೆ ಹೋದ. ಗರಗಸ ಆಕಳಿಸಿದ, ಇನ್ನಿಬ್ಬರು ಚಹಾ ಕುಡಿದು ಬಂದರು. ಅವಳು ಮಾತ್ರ ಕಣ್ಣು ಕದಲಿಸಲಿಲ್ಲ. ಮುಚ್ಚಳದ ಸುತ್ತ ಬೆರಳಾಡಿಸಿ, ಪ್ರತಿಯೊಂದನ್ನೂ ಎಳೆದು, ಅಲುಗಿಸಿ, ಕೊನೆಗೆ ತಲೆಯೆತ್ತಿದಳು.

"ಪಾಸು."

ಭಾವ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಸುಮ್ಮಸುಮ್ಮನೆ ಒರೆಸಿದ. "ಇನ್ನೊಂದು ಸಲ ಹೇಳು ಮೇಡಂ, ಸರಿಯಾಗಿ ಕೇಳಿಸಲಿಲ್ಲ" ಅಂದ.

"ಕಿವಿಗೂ ಒಂದು ಅಂಗಡಿ ಇದೆ ಭಾವ, ಸಂಜೆ ಹೋಗೋಣ" ಎಂದಳು ಅವಳು. ಕ್ಯಾಂಟೀನಿನಲ್ಲಿ ಆಮೇಲೆ ನಗೆಯ ಗದ್ದಲದಲ್ಲಿ ಯಾರ ಮಾತು ಯಾರಿಗೂ ಕೇಳಿಸಲಿಲ್ಲ.

ಆ ವಾರದ ಕೊನೆಗೆ ಮ್ಯಾನೇಜರ್ ಗಿರಣಿ ನಿಲ್ಲಿಸಿ, ಸೂರಿನಿಂದ ನೆಲದವರೆಗೆ ತೊಳೆದಿಟ್ಟಂತೆ ಮಾಡಬೇಕೆಂದು ಹೇಳಿದರು. ಧೂಳನ್ನು ಗಾಳಿ ಬಿಟ್ಟು ಎಬ್ಬಿಸುವಂತಿಲ್ಲ. ಅದಕ್ಕೆಂದೇ ಮಾಡಿದ ಹೀರುವ ಯಂತ್ರಗಳು, ಮೆತ್ತನೆಯ ಕುಂಚಗಳು ಬಂದವು. ಎಲ್ಲ ದೀಪಗಳ ಪಟ್ಟಿ ಓದುವ ಕೆಲಸ ಭಾವನದು. ತಕ್ಕದ್ದಲ್ಲದವನ್ನು ಇಳಿಸಿ ಪಕ್ಕಕ್ಕಿಡುತ್ತಿದ್ದ. ಅವಳು ನೋಡಲೆಂದು ಬಂದವಳು ಕುಂಚ ಹಿಡಿದೇಬಿಟ್ಟಳು. ಮ್ಯಾನೇಜರ್‌ಗೂ ಒಂದು ಕುಂಚ ಸಿಕ್ಕಿತು.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಅಂಗಳಕ್ಕೆ ಬಂದು ಮುಖಕ್ಕೆ ಕಟ್ಟಿಕೊಂಡಿದ್ದ ಬಟ್ಟೆ ಸಡಿಲಿಸಿ ಸಾಲಾಗಿ ನೆರಳಲ್ಲಿ ನಿಂತರು. ತಲೆಯಿಂದ ಕಾಲಿನವರೆಗೆ ಬೆಳ್ಳಗೆ. ಫೋರ್‌ಮನ್ ಯಾರು, ಮೂಟೆ ಹೊರುವವರು ಯಾರು, ಮ್ಯಾನೇಜರ್ ಯಾರು ಎಂದು ದೇವರೇ ಹೇಳಬೇಕು. ಅಷ್ಟರಲ್ಲಿ ಅಕ್ಕ ಎರಡೂ ಕೈಯಲ್ಲಿ ದೊಡ್ಡ ಬುತ್ತಿಗಳನ್ನು ಹಿಡಿದು ಗೇಟಿನಲ್ಲಿ ಕಾಣಿಸಿಕೊಂಡಳು. ಬಿಳಿಯ ಸಾಲನ್ನು ಮೇಲಿಂದ ಕೆಳಗೆ ನೋಡಿ, ಏನು ಮಾಡುವುದೆಂದು ತೋಚದೆ ಕೂಗಿದಳು:

"ರೀ!"

ಸಾಲಿನಲ್ಲಿದ್ದ ಗಂಡಸರೆಲ್ಲ ಒಟ್ಟಿಗೇ ತಿರುಗಿದರು.

"ನಮ್ಮವರು ಯಾರಪ್ಪ ಇದರಲ್ಲಿ?"

ಒಬ್ಬರೂ ಬಾಯಿ ಬಿಡಲಿಲ್ಲ. ಭಾವನೂ ಬೇಕೆಂದೇ ಸುಮ್ಮನಿದ್ದ. ಅವನ ಪಕ್ಕದಲ್ಲೇ ನಿಂತಿದ್ದ ಅವಳಿಗೆ ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಳ್ಳಬೇಕಾಯಿತು.

"ಹೋಗ್ಲಿ ಬಿಡಿ" ಎಂದು ಅಕ್ಕ ಬುತ್ತಿಗಳನ್ನು ಕಟ್ಟೆಯ ಮೇಲಿಟ್ಟಳು. "ಎಲ್ಲರಿಗೂ ಆಗೋಷ್ಟು ಊಟ ತಂದಿದ್ದೀನಿ."

ಬಿಳಿಯ ಸಾಲಿಗೆ ಸಾಲೇ ಮುಂದೆ ಬಂತು. ಎಲ್ಲರಿಗಿಂತ ಮುಂದೆ ಮ್ಯಾನೇಜರ್ ಇದ್ದರು.